ಬಲಗೆನ್ನೆ

ಸುಗಂಧರಹಿತ ಎಂದು ಬರೆದ ಸೀಸೆಯಿಂದಲೂ ಏನೋ ವಾಸನೆ ಬರುತ್ತಿದೆ, ಅಥವಾ ನನ್ನ ಮೂಗಿನ ಭ್ರಮೆಯೋ, ಭಯಕ್ಕೂ ಒಂದು ವಾಸನೆ ಇದ್ದೀತು, ಔಷಧಿ ಅಂಗಡಿಯ ಈ ಕಪಾಟಿನ ತುಂಬ ನಗುವ ಕೂಸುಗಳ ಚಿತ್ರ, ಒಂದರ ಮುಖದಲ್ಲೂ ಒಂದು ಕಲೆಯಿಲ್ಲ, ನನ್ನ ಎಡತೋಳಿನಲ್ಲಿ ಮುಖ ಹುದುಗಿಸಿ ನಿದ್ದೆ ಹೋಗಿರುವ ನಮ್ಮ ಗುಂಡಮ್ಮನಿಗೆ ಮಾತ್ರ ಬಲಗೆನ್ನೆಯ ಮೇಲೆ ಆ ಕೆಂಪು — ಮೊನ್ನೆ ಹೆಬ್ಬೆಟ್ಟು ಒತ್ತಿದಷ್ಟಿತ್ತು, ಈಗ ಕಿವಿಯ ಕಡೆಗೆ ಹರಿಯುತ್ತಿದೆ, ಅಂಚಿನಲ್ಲಿ ಸಣ್ಣಗೆ ಬಿರುಕು, ಬಿರುಕಿನಲ್ಲಿ ನೀರು. ಡಾಕ್ಟರು ಮೂಗು ಕಟ್ಟಿದ ದನಿಯಲ್ಲಿ, ಆ ದನಿ ನಾನು ಬೇಕಾದಾಗ ತೆಗೆಯಬಲ್ಲೆ, ಗಾಬರಿ ಬೇಡ, ಏನಾದ್ರೂ ಬೈಲ್ಡಾಗಿರೋದು ಹಚ್ಚಿ, ದಂಜಾದ್ರೆ ಬಾತ್ರ ಅಡ್ಬಿಟ್ ಬಾಡ್ಬೇಕಾಗುತ್ತೆ — ಮನೆಯಲ್ಲಿ ಹಾಗೆಯೇ ಅಣಕಿಸಿ ತೋರಿಸಿದೆ, ಹೆಂಡತಿ ನಗಲಿಲ್ಲ, ಮೈಲ್ಡು ಬೈಲ್ಡಾದರೆ, ನಂಜು ದಂಜಾದರೆ ನಗಬಹುದು, ಅಡ್ಮಿಟ್ಟು ಹೇಗೆ ಹೇಳಿದರೂ ಅಡ್ಮಿಟ್ಟೇ, ಅಷ್ಟು ಸಣ್ಣ ಕೈಗೆ ಸೂಜಿ ಎಲ್ಲಿ ಚುಚ್ಚುತ್ತಾರೆ, ನರ ಎಲ್ಲಿ ಸಿಗುತ್ತದೆ, ಬೇಡ, ಅದನ್ನು ಯೋಚಿಸಬಾರದು, ಸೀಸೆ ಓದು, ಚರ್ಮತಜ್ಞರಿಂದ ಪರೀಕ್ಷಿತ, ಯಾವ ತಜ್ಞ, ಯಾರ ಚರ್ಮ, ಇದು ಚರಮಸತ್ಯವಲ್ಲ, ಬರೀ ಚರ್ಮಸತ್ಯ. ಅತ್ತೆ ಫೋನಿನಲ್ಲಿ, ಅಳಿಯಂದ್ರೇ, ನಿಮ್ಮ ಹೆಂಡ್ತೀನ ಬರೀ ಎಣ್ಣೆ ತಿಕ್ಕಿ ಬೆಳೆಸಿದ್ದು, ಅವಳಿಗೇನಾಗಿದೆ ಈಗ — ನಾಲಗೆಗೆ ಒಂದಿಷ್ಟು ತಿಕ್ಕಬಹುದಿತ್ತು ಅಂದುಕೊಂಡೆ, ಅನ್ನಲಿಲ್ಲ, ಎಣ್ಣೆಗೂ ನನಗೆ ಹೆದರಿಕೆ, ಪುಡಿಗೂ, ಮೈ ಒರೆಸುವ ಒದ್ದೆ ಕಾಗದಕ್ಕೂ, ಯಾಕೆಂದರೆ ಸೀಸೆಗಳ ಮೇಲಿನ ಈ ಮಾತುಗಳೆಲ್ಲ ಎಲ್ಲಿ ಹುಟ್ಟುತ್ತವೆ ಅಂತ ನನಗೆ ಗೊತ್ತು, ಕಿಟಕಿಯಿಲ್ಲದ ಕೋಣೆಯಲ್ಲಿ, ಮೈಕಿನ ಮುಂದೆ, ಕಂಠದಾನವೇ ನನ್ನ ಕಸುಬು, ಅಮ್ಮನ ಮುತ್ತಿನಷ್ಟೇ ಮೃದು ಎಂದು ಒಂದು ಲೋಷನ್ನಿನ ಜಾಹೀರಾತಿಗೆ ಹೇಳಿದವನು ನಾನೇ, ಗಾಜಿನಾಚೆಯಿಂದ ನಿರ್ದೇಶಕ, ಸಾರ್, ಮೃದು ಸ್ವಲ್ಪ ಗಟ್ಟಿಯಾಯ್ತು, ಉಸಿರು ಬಿಟ್ಟು ಹೇಳಿ, ಮೃ... ದು, ಹಾಂ, ಈಗ ಮಗು ನಕ್ಕುಬಿಡ್ಲಿ, ಮಗುವಾಗಿ ಕೇಕೆ ಹಾಕಿದವನೂ ನಾನೇ, ಆ ಸೀಸೆಯನ್ನು ಕಣ್ಣಿಂದ ನೋಡಿರಲಿಲ್ಲ. ಹಾಗಾಗಿ ಅಕ್ಷರ ನಂಬುವುದಿಲ್ಲ, ನನ್ನ ಮೈಯನ್ನೇ ನಂಬುತ್ತೇನೆ, ಈ ಕೆಂಪು ಕಾಣುವ ಮೊದಲಿಂದಲೂ ತಂದದ್ದನ್ನೆಲ್ಲ ಮೊದಲು ನನಗೇ ಹಚ್ಚಿಕೊಳ್ಳುವುದು, ಒಂದು ದಿನ ತೊಳೆಯದೆ ಬಿಡುವುದು, ಸ್ವಲ್ಪ ಕಡಿದರೂ ಸೀಸೆ ಬುಟ್ಟಿಗೆ, ಎಲ್ಲವೂ ಸ್ವಲ್ಪ ಕಡಿದವು, ಎಲ್ಲವೂ ಬುಟ್ಟಿಗೆ ಹೋದವು, ನೀನು ಮಗು ನೋಡ್ಕೊಳ್ತಿದ್ದೀಯೋ ಲ್ಯಾಬ್ ಇಟ್ಟಿದ್ದೀಯೋ ಮಾರಾಯ ಎಂದು ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೇಳಿದಳು, ಅವಳು ಯಾವಾಗಲೂ ಹೆಗಲಿಗೇ ಹಾಕುವುದು, ಹಗಲೆಲ್ಲ ಅವಳು ಶಾಲೆಯಲ್ಲಿ, ಇವಳು ನನ್ನ ತೋಳಿನಲ್ಲಿ. ನಿಜ ಹೇಳಬೇಕೆಂದರೆ ಈ ಮಗುವಿಗೆ ಇನ್ನೂ ಏನನ್ನೂ ಹಚ್ಚಿಯೇ ಇಲ್ಲ, ಬರೀ ನೀರು, ಹಾಗಿದ್ದರೆ ಎಲ್ಲಿಂದ ಬಂತು ಇದು, ರಕ್ತದಲ್ಲೇ ಇದೆಯೋ, ನನ್ನ ರಕ್ತದ್ದೋ, ನನ್ನಪ್ಪನದೋ —

ಸಾರ್, ಅದರದ್ದು ಟೆಸ್ಟರ್ ಇದೆ, ಹಚ್ಚಿ ನೋಡಿ ಬೇಕಿದ್ರೆ, ಅಂಗಡಿಯಾಕೆ ಎನ್ನುತ್ತಾಳೆ, ಎಷ್ಟು ತಿಂಗಳು ಪಾಪೂಗೆ, ಅಪ್ಪನ್ ಥರಾನೇ ಮೂಗು, ನಾನು ಬೆರಳಿಗೆ ಒಂದು ಬೊಟ್ಟು ಹಿಂಡಿಕೊಳ್ಳುತ್ತೇನೆ, ಬಿಳಿ, ತಣ್ಣಗೆ, ಬೆರಳು ತನ್ನಷ್ಟಕ್ಕೆ ತನ್ನ ಜಾಗಕ್ಕೆ ಹೊರಡುತ್ತದೆ, ಎಡ ಮೊಣಕೈಯ ಒಳಮಡಿಕೆಗೆ, ಕರಡಿಯಂಥ ಈ ಕೈಯಲ್ಲಿ ಕೂದಲಿಲ್ಲದ ಜಾಗ ಅದೊಂದೇ, ಅಲ್ಲಿ ಮಗುವಿನ ತಲೆಯಿದೆ, ಸ್ವಲ್ಪ ತಾಳು ಪುಟ್ಟಾ, ಬಲತೋಳಿಗೆ ಎತ್ತುತ್ತೇನೆ, ಕೆನ್ನೆ ನನ್ನ ಚರ್ಮದಿಂದ ಅಂಟಂಟಾಗಿ ಬಿಡಿಸಿಕೊಳ್ಳುತ್ತದೆ, ಬೆವರು, ಜೊಲ್ಲು, ಅದರಡಿಯಲ್ಲಿ ಜಿಡ್ಡು, ನಿನ್ನೆಯದು, ಮೊನ್ನೆಯದು, ಮಡಿಕೆಯ ತುಂಬ ಸಣ್ಣ ಕೆಂಪು ಗುಳ್ಳೆ, ಅದೇ ಅಗಲ, ಅದೇ ಅಂಚು, ನನ್ನ ತೋಳು ಅವಳ ಕೆನ್ನೆಗೆ ಹಿಡಿದ ಕನ್ನಡಿಯ ಹಾಗೆ — ಇಲ್ಲ, ಇರಲಾರದು, ಇದೆ, ಎಲ್ಲವನ್ನೂ ಹಚ್ಚಿದ್ದೇನೆ, ಬುಟ್ಟಿಗೆ ಎಸೆದದ್ದನ್ನೆಲ್ಲ ಮೊದಲು ಅವಳ ಕೆನ್ನೆಯ ಕೆಳಗೆ ಹಾಸಿಟ್ಟಿದ್ದೇನೆ, ದಿನಾ ಹೊಸದು, ತೊಳೆಯದೆ, ಅದರ ಮೇಲೆ ಮಲಗಿಸಿ ತಟ್ಟಿದ್ದೇನೆ, ಅವಳು ಮುಖ ಉಜ್ಜಿದಾಗ ಅಪ್ಪನ ತೋಳೆಂದರೆ ಎಷ್ಟು ಪ್ರೀತಿ ಎಂದು ಹಿಗ್ಗಿದ್ದೇನೆ, ಕಡಿಯುತ್ತಿತ್ತು ಅವಳಿಗೆ, ಕಡಿಯುತ್ತಿತ್ತು. ನಲ್ಲಿ ಎಲ್ಲಿದೆ, ಕೈ ತೊಳೀಬೇಕು, ದನಿ ಬರುವುದಿಲ್ಲ, ಯಾರ ದನಿಯೂ ಬರುವುದಿಲ್ಲ, ಕೈಸನ್ನೆ ಮಾಡುತ್ತೇನೆ, ಹಿಂದ್ಗಡೆ ಇದೆ ಸಾರ್, ಬೇಬಿ ಸೋಪ್ ಕೊಡ್ಲಾ, ತುಂಬಾ ಜೆಂಟಲ್ಲು — ಬೇಡ, ಸೋಪು ಬೇಡ, ನೀರು ಸಾಕೇ, ನೀರಿಗೆ ಇಷ್ಟೆಲ್ಲ ಹೋಗುತ್ತದೆಯೇ, ಬೆರಳಿನ ತುದಿಯಲ್ಲಿ ಆ ಬಿಳಿ ಬೊಟ್ಟು ಹಾಗೇ ಇದೆ, ಎಲ್ಲಿಗೆ ಒರೆಸಲಿ, ಅಂಗಿಗೋ, ಅಂಗಿಗೂ ಅವಳ ಮುಖ ತಾಗುತ್ತದೆ, ಯಾವುದಕ್ಕೆ ತಾಗುವುದಿಲ್ಲ, ಮತ್ತು ಈಗ ಅವಳಿಗೆ ಎಚ್ಚರ, ಬಲತೋಳಿನ ಪರಿಚಯವಿಲ್ಲ, ಕೂದಲು ಚುಚ್ಚುತ್ತದೆ, ಬೆನ್ನು ಬಿಲ್ಲಾಗಿಸುತ್ತಾಳೆ, ಅಳುವುದಿಲ್ಲ, ಹುಡುಕುತ್ತಾಳೆ, ಬಾಯಿ ಅರ್ಧ ತೆರೆದು, ಕತ್ತು ಹೊರಳಿಸಿ, ನಾನು ದೂರ ಹಿಡಿದಿರುವ ಎಡಗೈಯ ಕಡೆಗೆ, ಅದೇ ಮಡಿಕೆಯ ಕಡೆಗೆ, ಹತ್ತಿರ ಬರುತ್ತಿದೆ, ಕೆಂಪು ಕೆನ್ನೆ, ಬಿರುಕು ಬಿಟ್ಟ, ಒದ್ದೆಯಾದ, ಆ ಕೆನ್ನೆ