ಉಪಮೇಲ್ವಿಚಾರಕರು ನೀರು ಬಿಟ್ಟದ್ದು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ನಾಲಿಗೆ ಬಿದ್ದುಹೋಗಲಿ. ನಲ್ಲಿಯಲ್ಲಿ ಯಾಕೆ ನೀರಿಲ್ಲ ಎಂದು ಕೇಳಲು ನಮ್ಮ ನೀರು ಸರಬರಾಜು ಕಚೇರಿಗೆ ಬಂದಿದ್ದೀರಿ. ಕುಳಿತುಕೊಳ್ಳಿ, ಹೇಳುತ್ತೇನೆ.

ಯಾವ ಬೀದಿಗೆ ಯಾವಾಗ ನೀರು ಬಿಡಬೇಕೆಂದು ಲೆಕ್ಕ ಹಾಕುವುದು ಒಳಗಿರುವ ಕಂಪ್ಯೂಟರ್. ಯಂತ್ರವೇನೋ ಕೋಣೆ ತುಂಬಾ ಇದೆ. ಅದರ ಮೆಮೊರಿ ಮಾತ್ರ ಒಂದು ಟ್ರಂಕಿನಷ್ಟು. ತಂತಿಗೆ ಪೋಣಿಸಿದ ಸಾಸಿವೆ ಗಾತ್ರದ ಕಾಂತದ ಉಂಗುರಗಳು. ಎಷ್ಟು ಉಂಗುರವೋ ಅಷ್ಟೇ ನೆನಪು. ಅಲ್ಲಿ ನನ್ನ ಅತ್ತಿಗೆ ಬರೆದ ನೀರಿನ ಪ್ರೋಗ್ರಾಂ ಕಾಲು ಚಾಚಿಕೊಂಡು ಹಾಯಾಗಿತ್ತು. ಪ್ರೋಗ್ರಾಮನ್ನು ತೂತುಗಳಲ್ಲಿ ಬರೆದ ಕಾರ್ಡು, ಟೇಪು ಯಂತ್ರಕ್ಕೆ ತಿನ್ನಿಸುವವನು ನಾನು. ಎಲ್ಲವನ್ನೂ ಕಣ್ಣಾರೆ ಕಂಡವನು.

ಒಂದು ದಿನ ಕಂಪನಿಯವನೊಬ್ಬ ಟೈ ಕಟ್ಟಿಕೊಂಡು ಬಂದು, ಆಪರೇಟಿಂಗ್ ಸಿಸ್ಟಂ ಎಂಬುದನ್ನು ಹಾಕಿದ. ಅದಕ್ಕೆ ಮೇಲ್ವಿಚಾರಕ ಎಂದು ಹೆಸರು.

"ಇದೇನು ಕೆಲಸ ಮಾಡ್ತದೆ?" ಅತ್ತಿಗೆ ಕೇಳಿದರು.

"ಕೆಲಸ ಮಾಡಲ್ಲಮ್ಮಾ, ಮಾಡಿಸ್ತದೆ."

"ಓಹೋ, ನಮ್ಮ ಸಾಹೇಬ್ರ ಹಾಗೆ!"

ಸಾಹೇಬರು ಹಿಂದೆಯೇ ನಿಂತಿದ್ದರು. ಹೊಗಳಿದರು ಅಂದುಕೊಂಡರು.

ಮೇಲ್ವಿಚಾರಕ ಮೊದಲು ಕೇಳಿದ್ದು ಮೆಮೊರಿಯ ಒಂದು ಮೂಲೆ. ಬೆರಳು ಕೊಟ್ಟರೆ ಹಸ್ತ ನುಂಗುವ ಜಾತಿ. ಮೊದಮೊದಲು ನಾವು 'ಅದು' ಎನ್ನುತ್ತಿದ್ದೆವು. ಅರ್ಧ ಮೆಮೊರಿ ನುಂಗಿದ ಮೇಲೆ 'ಅವನು' ಆಯಿತು. ಮುಕ್ಕಾಲು ನುಂಗಿದ ಮೇಲೆ 'ಅವರು' ಎಂದು ಬಾಯಿಗೆ ತಾನಾಗಿ ಬಂತು. ಅವರು ಉಬ್ಬಿದಂತೆಲ್ಲ ಅತ್ತಿಗೆ ತಮ್ಮ ಪ್ರೋಗ್ರಾಂ ಕತ್ತರಿಸಿದರು. ಭಾನುವಾರ ಹೋಯಿತು, ಬೆಸ ನಂಬರಿನ ಮನೆಗಳು ಹೋದವು, ಕೊನೆಗೆ ಇಡೀ ಪ್ರೋಗ್ರಾಮೇ ಹೊರಗೆ ಬಿತ್ತು.

ಸಾಹೇಬರಿಗೆ ಹಿಗ್ಗೋ ಹಿಗ್ಗು. "ನೋಡಿದ್ರಾ, ವಾರದಿಂದ ಯಂತ್ರದಲ್ಲಿ ಒಂದೇ ಒಂದು ತಪ್ಪಿಲ್ಲ!"

"ಕೆಲಸಾನೇ ಇಲ್ವಲ್ಲ ಸಾರ್," ಅತ್ತಿಗೆ ಅಂದರು, "ತಪ್ಪು ಎಲ್ಲಿಂದ ಬರ್ಬೇಕು? ಊರಿಗೆ ನೀರಿಲ್ಲ."

"ಅದು ನಿಮ್ಮ ಪ್ರೋಗ್ರಾಂ ತಪ್ಪು. ಸೋಮವಾರ ಅದು ಓಡ್ಲಿಲ್ಲ ಅಂದ್ರೆ ನೀವು ಕಾರ್ಡಿಗೆ ತೂತು ಹೊಡೆಯೋ ಕೋಣೆಗೆ ಹೋಗಿ."

ಆ ಕೋಣೆಗೆ ಹೋದವರು ಯಾರೂ ಮೊದಲಿನಂತೆ ಉಳಿದಿಲ್ಲ. ಒಬ್ಬಾಕೆ ನಿದ್ದೆಯಲ್ಲಿ ಗಂಡನ ದಿಂಬಿಗೂ ತೂತು ಹೊಡೆಯುತ್ತಾಳೆ. ಅತ್ತಿಗೆಗೆ ಊಟ ಸೇರದಾಯಿತು.

"ಏನಪ್ಪಾ ಮೈದುನ, ಈ ಮಹಾರಾಯ ಒಳಗೆ ಯಾರನ್ನಾದ್ರೂ ಇಟ್ಕೊಳ್ತಾನಾ?"

"ತಮ್ಮವರನ್ನ ಇಟ್ಕೊಳ್ತಾರೆ, ಅತ್ತಿಗೆ. ನೀವು 'ಅವರು' ಅನ್ನಿ, ಕೇಳಿಸ್ಕೊಂಡಾರು."

ಅತ್ತಿಗೆ ಕಣ್ಣು ಅರಳಿಸಿದರು. ನೀರಿನ ಪ್ರೋಗ್ರಾಮಿನ ಮೊದಲ ಕಾರ್ಡು ಕಿತ್ತು ಬಿಸಾಡಿ, ಹೊಸ ಕಾರ್ಡಿನಲ್ಲಿ ಬೇರೆ ಹೆಸರಿಟ್ಟರು: ಉಪಮೇಲ್ವಿಚಾರಕರು. ನಾನೇ ತಿನ್ನಿಸಿದೆ. ಯಂತ್ರ ಗುಂಯ್ ಎಂದಿತು, ಗಂಟಲು ಸರಿಮಾಡಿಕೊಂಡಿತು, ಆಮೇಲೆ ಮೇಲ್ವಿಚಾರಕರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು! ಸೋಮವಾರ ಊರಿನ ನಲ್ಲಿಗಳೆಲ್ಲ ಬುಸುಗುಟ್ಟಿದವು. ಅತ್ತಿಗೆಯ ಕುರ್ಚಿ ಉಳಿಯಿತು.

ಗುಟ್ಟು ಗುಟ್ಟಾಗಿ ಉಳಿಯಬೇಕಲ್ಲ? ಕಚೇರಿಯಲ್ಲಿ ಎಲ್ಲರೂ ತಮ್ಮ ಪ್ರೋಗ್ರಾಮಿಗೆ ಬಡ್ತಿ ಕೊಟ್ಟರು. ಸಹಮೇಲ್ವಿಚಾರಕರು, ಹೆಚ್ಚುವರಿ ಮೇಲ್ವಿಚಾರಕರು, ಪ್ರಭಾರ ಮೇಲ್ವಿಚಾರಕರು. ಈಗ ಒಳಗೆ ಬರೀ ಸಭೆ ನಡೆಯುತ್ತಿದೆ. ಅತ್ತಿಗೆ ತಮ್ಮ ಪ್ರೋಗ್ರಾಮಿನ ಹೆಸರಿಗೆ 'ಮಹಾ' ಸೇರಿಸಲು ಬೆಳಿಗ್ಗೆಯೇ ಕಾರ್ಡು ಹಿಡಿದು ಓಡಿದ್ದಾರೆ. ನಿಮ್ಮ ಬೀದಿಯ ನೀರು ಸದ್ಯ ಪ್ರಭಾರದವರ ಕೈಯಲ್ಲಿದೆ. ಅವರನ್ನು ಎಬ್ಬಿಸಬೇಕಾದರೆ ಮೊದಲು ಹೆಚ್ಚುವರಿಯವರನ್ನು ಕೇಳಬೇಕು, ಅವರೋ, ಸಹದವರು ಬರುವ ತನಕ... ಸ್ವಾಮಿ? ಸ್ವಾಮೀ, ಬಾಗಿಲು ಆ ಕಡೆ ಅಲ್ಲ, ಅದು ಸಾಹೇಬರ ಕೋಣೆ!