ಗಂಜಿಯಲ್ಲಿ ಅಡಗಿಸಿದ ಮಾತ್ರೆ

“ಗಂಜಿಗೆ ಎಂತ ಹಾಕಿದ್ದಿ? ಕಹಿ ಉಂಟು!” ಭುಜಂಗ ಬಟ್ಟಲನ್ನು ಹೆಂಡತಿಯ ಮುಖಕ್ಕೆ ಹಿಡಿದ.

“ಎಂತದೂ ಇಲ್ಲ. ನಿಮ್ಮ ನಾಲಿಗೆಯೇ ಕಹಿ” ಎಂದಳು ಕುಶಲಾ.

“ಹಾಗಾದರೆ ನೀನು ಒಂದು ಗುಟುಕು ಕುಡಿ, ನೋಡುವ.”

ಕುಶಲಾ ಕೈ ಚಾಚಲಿಲ್ಲ.

“ಉಮಾನಾಥ, ನೀನು ಕುಡಿ. ನನ್ನ ಹೊಲಿಗೆ ಮೆಷಿನು ಬೇಕಲ್ವಾ ನಿನಗೆ? ಕುಡಿ ಮಾರಾಯ!”

ಭುಜಂಗನ ತಮ್ಮ ಉಮಾನಾಥನೂ ಗೋಡೆ ನೋಡುತ್ತ ನಿಂತ.

ಭುಜಂಗ ಕಾಪು ಪೇಟೆಯ ದರ್ಜಿ. ಮಳೆಗಾಲ ಮುಗಿದಂದಿನಿಂದ ಅವನಿಗೆ ಒಂದೇ ಸಂಶಯ, ಮನೆಯವರು ವಿಷ ಹಾಕುತ್ತಾರೆ ಎಂದು. ಅನ್ನ ಬಿಟ್ಟ. ತಾನೇ ಕೊಯ್ದು ಕೆತ್ತಿದ ಬೊಂಡದ ಎಳನೀರು ಮಾತ್ರ ಕುಡಿಯುತ್ತಿದ್ದ. ಮೈ ಒಣಗಿ ಕೋಲಾಯಿತು. ಊರವರು ಪ್ರೇತ ಎಂದರು, ಮಾಟ ಎಂದರು. ಪ್ರೇತವೂ ಇಲ್ಲ, ಮಣ್ಣೂ ಇಲ್ಲ. ಅದು ಕಾಯಿಲೆ.

ನೆರೆಮನೆಯ ನರ್ಸು ಮೇಬಲ್ ಬಾಯಿ ಅವನನ್ನೂ ಮನೆಯವರನ್ನೂ ಮಣಿಪಾಲದ ಡಾಕ್ಟರಲ್ಲಿಗೆ ಕರೆದೊಯ್ದರು. ಡಾಕ್ಟರು ಅವನ ಮಾತನ್ನೆಲ್ಲ ಕೇಳಿದರು, ನಗಲಿಲ್ಲ. ಆಮೇಲೆ ಮನೆಯವರಿಗೆ ಹೇಳಿದರು: “ಜ್ವರದಲ್ಲಿ ಮೈ ಸುಡುವ ಹಾಗೆ ಈ ಕಾಯಿಲೆಯಲ್ಲಿ ಸಂಶಯ ಏಳುತ್ತದೆ. ಈಗ ಇದಕ್ಕೆ ಮಾತ್ರೆ ಬಂದಿದೆ. ಅವರಿಗೆ ತಿಳಿಸಿ, ಕೈಗೇ ಕೊಡಿ. ಬೇಡ ಎಂದರೆ ಪುನಃ ಕರೆತನ್ನಿ, ನಾನು ಮಾತಾಡುತ್ತೇನೆ.”

“ಹೇಳಿದರೆ ಇವ ನುಂಗಿದ ಹಾಗೆಯೇ!” ಎಂದ ಉಮಾನಾಥ. ಮನೆಗೆ ಬಂದವನೇ ಮಾತ್ರೆ ಪುಡಿ ಮಾಡಿದ. ಕುಶಲಾ ಅದನ್ನು ಗಂಜಿಗೆ ಬೆರೆಸಿದಳು. “ಮಕ್ಕಳ ಆಣೆ, ಎಂತದೂ ಹಾಕಲಿಲ್ಲ, ಉಣ್ಣಿ” ಎಂದಳು. ಆ ಆಣೆಯನ್ನು ನಂಬಿ ಭುಜಂಗ ಉಂಡ. ನಿದ್ರೆ ಬಂತು. ಮೆಷಿನಿನ ಮುಂದೆ ಪುನಃ ಕುಳಿತ. ಗುಣವಾಗುತ್ತಿತ್ತು. ಆಗಲೇ ಈ ಕಹಿ ಬಾಯಿಗೆ ಸಿಕ್ಕಿತು.

ಗಲಾಟೆ ಕೇಳಿ ಮೇಬಲ್ ಬಾಯಿ ಓಡಿ ಬಂದರು. “ಎಂತ ಮಾಡಿದೆ ಮಾರಾಯ್ತಿ! ಈಗಲಾದರೂ ನಿಜ ಹೇಳು.”

“ಡಾಕ್ಟರು ಕೊಟ್ಟ ಮಾತ್ರೆ... ನಿಮ್ಮ ಒಳ್ಳೆಯದಕ್ಕೇ ಹಾಕಿದ್ದು” ಎಂದು ಕುಶಲಾ ಅತ್ತಳು.

ಭುಜಂಗ ಕೂಗಲಿಲ್ಲ. “ಹಾಗಾದರೆ ಹಾಕಿದ್ದು ಹೌದು. ಅದನ್ನೇ ನಾನು ಹೇಳಿದ್ದಕ್ಕೆ ನನಗೆ ಹುಚ್ಚು ಅಂದಿರಿ.”

“ಭುಜಂಗಣ್ಣ, ಕುಳಿತುಕೊಳ್ಳಿ, ನಾನು ಹೇಳುತ್ತೇನೆ” ಎಂದರು ಮೇಬಲ್ ಬಾಯಿ.

ಅವನು ಬಟ್ಟಲು ಕೆಳಗಿಟ್ಟು ಅಂಗಳ ದಾಟಿದ. ಪಡುಬಿದ್ರಿ, ಕಾರ್ಕಳ, ಎಲ್ಲ ಕಡೆ ಹುಡುಕಿಯಾಯಿತು. ಬರಲಿಲ್ಲ. ಡಾಕ್ಟರು ಹೇಳಿದ್ದೇ ಸರಿ ಎಂದು ಉಮಾನಾಥ ಈಗ ಒಪ್ಪುತ್ತಾನೆ. ಈಗ ಒಪ್ಪಿ ಏನು ಪ್ರಯೋಜನ?

ಓದುವವರೇ, ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಕಟ್ಟಬೇಡಿ, ಬಡಿಯಬೇಡಿ, ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ಕದ್ದುಮುಚ್ಚಿ ಕೊಡಬೇಡಿ. ಒಪ್ಪಿಸಲು ತಿಂಗಳು ಹಿಡಿದರೆ ಹಿಡಿಯಲಿ. ನಿಜ ಹೇಳಿ. ಮನುಷ್ಯ ಮನೆಯಲ್ಲಿ ಇರುವಾಗಲೇ ಹೇಳಿ.