ಅವಳ ಕೆನ್ನೆ

ಮಗಳ ತೋಳು ಮುರಿದ ಅಳಿಯನನ್ನು ಲೇಪಾಕೊವಾ ಇಡೀ ನೂನಾ ದ್ವೀಪದ ಎದುರಿಗೆ ಕ್ಷಮಿಸಿದ್ದಳು. ಅಳಿಯ ಕಲ್ಟಂಗ ತಪ್ಪುಕಾಣಿಕೆಯಾಗಿ ಹಂದಿಯನ್ನೂ ಹೆಣೆದ ಚಾಪೆಗಳನ್ನೂ ತಂದು ಚರ್ಚಿನ ಅಂಗಳದಲ್ಲಿ ಮಂಡಿಯೂರಿದಾಗ ಅವಳೇ ಕೈಹಿಡಿದು ಎಬ್ಬಿಸಿದ್ದಳು. ಆ ಕ್ಷಮೆಯೇನೂ ಸುಳ್ಳಲ್ಲ. ಆದರೆ ಆವತ್ತಿನಿಂದ ಅವನಾಡಿದ ಒಂದು ಮಾತೂ ಅವಳ ಗಂಟಲಲ್ಲಿ ಇಳಿಯಲಿಲ್ಲ.

ತವರಿನಲ್ಲೇ ಉಳಿದಿದ್ದ ಹೆಂಡತಿಯನ್ನು ನೋಡುವ ನೆಪದಲ್ಲಿ ಅವನು ದಿನಬಿಟ್ಟು ದಿನ ಬರುತ್ತಿದ್ದ. "ಅತ್ತೇ, ನಿಮಗೇಂತ ದೊಡ್ಡ ಮೀನು ತಂದಿದೀನಿ" ಎನ್ನುತ್ತಿದ್ದ. ಕೇಳದಿದ್ದರೂ ಸೌದೆ ಸೀಳಿ ಒಟ್ಟುತ್ತಿದ್ದ. ಚರ್ಚಿನಲ್ಲಿ ಎಲ್ಲರಿಗಿಂತ ಅವನ ಪ್ರಾರ್ಥನೆಯೇ ಜೋರು. ಪಶ್ಚಾತ್ತಾಪಪಟ್ಟವನ ದನಿ ಇಷ್ಟು ಏರುತ್ತದೆಯೇ? ಅಥವಾ ತನ್ನ ಮನಸ್ಸಿಗೇ ಹುಳು ಹಿಡಿದಿದೆಯೋ? ಅವಳಿಗೆ ತನ್ನ ಮೇಲೂ ಅನುಮಾನ. ಒಂದು ಮಾತ್ರ ಕಣ್ಣಿಗೆ ಬಿದ್ದಿತ್ತು: ಅವನು ನಕ್ಕಾಗಲೆಲ್ಲ, ತೆಂಗಿನಕಾಯಿ ತುರಿಯುತ್ತಿದ್ದ ಮಗಳು ಲೇಸಾಲಿಯ ಕೈ ತಟ್ಟನೆ ನಿಲ್ಲುತ್ತಿತ್ತು.

"ಏಳೆಪ್ಪತ್ತು ಸಾರಿ ಕ್ಷಮಿಸು ಅಂದಿದಾನೆ ಯೇಸು. ಇನ್ನು ಮಗಳನ್ನ ಕಳಿಸಿಕೊಡು ಅಕ್ಕಾ" ಎಂದರು ಪಾಸ್ಟರ್ ತಾರಿಪೋವಾ.

"ನೋಡೋಣ" ಎಂದಳು.

ಒಂದು ಮಧ್ಯಾಹ್ನ ಗೆಣಸಿನ ಬುಟ್ಟಿ ಹೊತ್ತು ತೋಟದಿಂದ ಬರುವಾಗ ಅಡುಗೆಮನೆಯ ಬಿದಿರುಗೋಡೆಯಾಚೆ ಕಲ್ಟಂಗನ ದನಿ ಕೇಳಿಸಿತು. ಮೆಲ್ಲಗಿತ್ತು, ಜೇನಿನಂತಿತ್ತು.

"ಊರೆಲ್ಲಾ ನೋಡೋ ಹಾಗೆ ಮಂಡಿ ಊರಿಸಿದ್ರಲ್ಲ ನನ್ನ? ಮನೆಗೆ ಬಾ. ನಿನ್ನ ಮಂಡಿ ಎಷ್ಟು ಗಟ್ಟಿ ಅಂತ ನಾನೂ ನೋಡ್ತೀನಿ."

ಲೇಪಾಕೊವಾ ಕೆಮ್ಮಿ ಒಳಹೊಕ್ಕಳು. ಅವನ ಮುಖ ಆಗಲೇ ಅರಳಿತ್ತು. "ಅಯ್ಯೋ ಅತ್ತೇ, ಅಷ್ಟು ಭಾರ ಯಾಕೆ ಹೊತ್ರಿ? ಕೊಡಿ ಇಲ್ಲಿ." ಅವಳು ಬುಟ್ಟಿ ಕೊಡಲಿಲ್ಲ. ಅವನು ಹೊರಡುವವರೆಗೂ ಮಗಳ ಪಕ್ಕದಿಂದ ಕದಲಲಿಲ್ಲ.

ವಿಷಯ ತಿಳಿದ ಗಂಡುಮಕ್ಕಳಿಬ್ಬರೂ ಕತ್ತಿ ಹಿಡಿದು ಎದ್ದರು. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಕೆಳಗಿಡ್ರೋ! ಅವನ ತೋಳು ಮುರಿದ್ರೆ ನಿಮ್ಮ ತಂಗಿ ನೋವು ಹೋಗುತ್ತಾ?"

"ಹಂಗಾದ್ರೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿರ್ಬೇಕಾ?"

"ಕೂತಿರು ಅಂದೋರ್ಯಾರು? ದೋಣಿ ನೀರಿಗಿಳಿಸಿ. ವಿಲಾ ಪಟ್ಟಣಕ್ಕೆ ಹೋಗಿ ಕೋರ್ಟಿಗೆ ಹೇಳೋಣ." ಆಮೇಲೆ ಮಗಳತ್ತ ತಿರುಗಿದಳು. "ನೀನೇನಂತೀಯೇ?"

ಲೇಸಾಲಿ ತಲೆಯೆತ್ತಿದಳು. "ನೀನು ಅವನನ್ನ ಕ್ಷಮಿಸಿದಾಗ ನನ್ನ ಕೇಳಿದ್ಯಾ, ಅವ್ವಾ? ಆವತ್ತೇ ಕೇಳಿದ್ರೆ ಆವತ್ತೇ ಕೋರ್ಟಿಗೆ ಹೋಗೋಣ ಅಂತಿದ್ದೆ."

ಲೇಪಾಕೊವಾ ಮಗಳ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು.

ಪಾಸ್ಟರ್ ದಡಕ್ಕೆ ಓಡೋಡಿ ಬಂದರು. "ಕೊಟ್ಟ ಕ್ಷಮೆ ವಾಪಸ್ ತಗೊಂಡ್ಯಾ ಅಕ್ಕಾ? ಒಂದು ಕೆನ್ನೆಗೆ ಹೊಡೆದ್ರೆ..."

"ನನ್ನ ಕೆನ್ನೆ ಕೇಳಿದ್ರೆ ಎರಡೂ ಕೊಡ್ತೀನಿ ಪಾಸ್ಟರೇ. ಅವಳ ಕೆನ್ನೆ ನನ್ನದಲ್ಲ."

ಕಲ್ಟಂಗ ಹೆಂಡತಿಯ ಹತ್ತಿರ ಸುಳಿಯಕೂಡದೆಂದು ಕೋರ್ಟು ಆದೇಶ ಕೊಟ್ಟಿತು. ಲೇಸಾಲಿ ವಿಲಾದಲ್ಲೇ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಮಾರುಕಟ್ಟೆಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಲಾಪ್ಲಾಪ್ ಕಡುಬು ಬೇಯಿಸಿ ಮಾರತೊಡಗಿದಳು. ಲೇಪಾಕೊವಾ ಒಬ್ಬಳೇ ಊರಿಗೆ ಮರಳಿದಳು. ಭಾನುವಾರ ಆರಾಧನೆ ಮುಗಿದಾಗ ಕಲ್ಟಂಗ ಕೈಚಾಚಿದ. ಅವಳು ಕುಲುಕಿದಳು. ದ್ವೇಷವೇನೂ ಏಳಲಿಲ್ಲ ಎಂಬುದು ಅವಳಿಗೇ ಆಶ್ಚರ್ಯ.

"ಲೇಸಾಲಿ ಹೇಗಿದಾಳೆ ಅತ್ತೇ? ವಿಲಾದಲ್ಲಿ ಯಾರ ಮನೇಲಿದಾಳೆ?"

"ಚೆನ್ನಾಗಿದಾಳಪ್ಪ" ಎಂದಷ್ಟೇ ಹೇಳಿ ಕೈ ಬಿಡಿಸಿಕೊಂಡಳು.